ನವಕೋಟಿ ನಾರಾಯಣ ಭಿಕ್ಷಾಪಾತ್ರೆ ಹಿಡಿದ ಕಥೆ
(ಶ್ರೀ ಪುರಂದರದಾಸರ ಸಂಕ್ಷಿಪ್ತ ಜೀವನ ಚರಿತ್ರೆ)

ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿ ಶ್ರೀ ಆಂಜನೇಯ ಸ್ವಾಮಿಯ ದರ್ಶನ ಪಡೆದ ಭಕ್ತಾದಿಗಳು ಬಂಡೆಯ ಮೇಲೆ ನಿಂತು ದಕ್ಷಿಣಕ್ಕೆ ನೋಡಿದರೆ ತುಂಗಭದ್ರಾ ನದಿಯೂ ಅದರ ಆಚೆ ದಡದಲ್ಲಿ ಹಂಪಿಯೂ ಕಾಣುತ್ತವೆ. ಆ ದಡದಲ್ಲಿ ವಿಜಯವಿಠಲ ದೇವಸ್ಥಾನದ ಹತ್ತಿರ, ನೀರಿಗೆ ಅಂಟಿಕೊಂಡ ಹಾಗೆ ಒಂದು ಕಲ್ಲಿನ ಮಂಟಪ ಇದೆ. ಅದೇ ಪುರಂದರ ಮಂಟಪ. ಒಂದು ಕಾಲಕ್ಕೆ ಒಂಬತ್ತು ಕೋಟಿಯ ಒಡೆಯರಾಗಿದ್ದವರು, ಎಲ್ಲವನ್ನೂ ಬಿಟ್ಟು ಮನೆ ಮನೆಯ ಮುಂದೆ ಭಿಕ್ಷೆ ಎತ್ತುತ್ತಾ, ಹಾಡುತ್ತಾ ಬಾಳಿದ ಸ್ಥಳ ಇದು. ಅವರೇ ಕರ್ನಾಟಕ ಸಂಗೀತ ಪಿತಾಮಹರೆಂದು ಹೆಸರಾದ ಶ್ರೀ ಪುರಂದರದಾಸರು.

ಬೇಡಿ ಬಂದವರಿಗೆ ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ಯಾತ್ರೆಗೆ ಬಂದ ಪ್ರತಿಯೊಬ್ಬರಿಗೂ ಎದುರಾಗುತ್ತದೆ. ದಾಸರ ಜೀವನದಲ್ಲಿ ಎಲ್ಲವೂ ತಿರುಗಿ ನಿಂತದ್ದು ಇದೇ ಒಂದು ಪ್ರಶ್ನೆಯ ಮೇಲೆ. ಆದ್ದರಿಂದ ಅವರ ಚರಿತ್ರೆಯನ್ನು ಭಕ್ತಾದಿಗಳ ಅನುಕೂಲಕ್ಕಾಗಿ ಇಲ್ಲಿ ಕೊಡಲಾಗಿದೆ.

ಜನನ ಮತ್ತು ಮನೆತನ

ದಾಸರ ಮೊದಲ ಹೆಸರು ಶ್ರೀನಿವಾಸ ನಾಯಕ. ತಂದೆ ವರದಪ್ಪ ನಾಯಕರು. ಜನನ 1484ರಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹುಟ್ಟಿದ ಊರಿನ ಬಗ್ಗೆ ಎರಡು ಅಭಿಪ್ರಾಯ ಇದೆ. ಮಹಾರಾಷ್ಟ್ರದಲ್ಲಿ ಪುಣೆಯ ಸಮೀಪದ ಪುರಂದರಗಡ ಎಂದು ಬಹಳ ಕಾಲದಿಂದ ನಂಬಿಕೆ. ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸೀಮೆ ಎಂಬುದು ಇನ್ನೊಂದು ವಾದ. ಕರ್ನಾಟಕ ಸರ್ಕಾರ ನೇಮಿಸಿದ್ದ ತಜ್ಞರ ಸಮಿತಿ ಈಚಿನ ವರ್ಷಗಳಲ್ಲಿ ಈ ಎರಡನೆಯ ವಾದವನ್ನೇ ಎತ್ತಿ ಹಿಡಿದಿದೆ. ಯಾವ ಊರಾದರೇನು, ಅವರ ಹೆಸರು ಉಳಿದದ್ದು ಹಂಪಿಯಲ್ಲಿ.

ಮನೆತನದ ಕಸುಬು ಚಿನಿವಾರಿಕೆ. ಅಂದರೆ ಚಿನ್ನ, ಬೆಳ್ಳಿ, ರತ್ನ ಕೊಳ್ಳುವುದು, ಮಾರುವುದು, ಒತ್ತೆ ಇಟ್ಟುಕೊಂಡು ಸಾಲ ಕೊಡುವುದು. ಅದು ವಿಜಯನಗರ ಸಾಮ್ರಾಜ್ಯ ಉಚ್ಛ್ರಾಯದಲ್ಲಿದ್ದ ಕಾಲ. 1509ರಿಂದ 1529ರವರೆಗೆ ಶ್ರೀಕೃಷ್ಣದೇವರಾಯರು ಆಳಿದರು. ವ್ಯಾಪಾರಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಇರಲಿಲ್ಲ. ಶ್ರೀನಿವಾಸ ನಾಯಕರು ತಂದೆಯ ಆಸ್ತಿಯನ್ನು ಬಹಳವಾಗಿ ಬೆಳೆಸಿದರು. ಜನ ಅವರನ್ನು ನವಕೋಟಿ ನಾರಾಯಣ ಅಂತಲೇ ಕರೆಯುತ್ತಿದ್ದರು.

ಹೆಂಡತಿ ಸರಸ್ವತೀಬಾಯಿ. ದೈವಭಕ್ತೆ, ಮೃದು ಮನಸ್ಸಿನವರು. ಗಂಡನದು ಇದಕ್ಕೆ ತದ್ವಿರುದ್ಧ. ಒಂದು ಕಾಸನ್ನೂ ಲೆಕ್ಕವಿಲ್ಲದೆ ಕೈ ಬಿಡುವವರಲ್ಲ. ಕೆಟ್ಟವರು ಎನ್ನುವಂತಿಲ್ಲ. ಯಾರ ಹಣವನ್ನೂ ಕದ್ದವರಲ್ಲ. ಆದರೆ ವಾಪಸು ಬಾರದ ಹಣ ಕೊಡುವುದು ಅವರಿಗೆ ಗೊತ್ತಿರಲಿಲ್ಲ.

ಮುದುಕನೊಬ್ಬ ಬಂದದ್ದು

ಮುಂದಿನ ಕಥೆ ದಾಸರ ಭಕ್ತರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದದ್ದು. ಹರಿಕಥೆಗಳಲ್ಲಿ ಕೇಳಿದವರು, 1964ರಲ್ಲಿ ಬಂದ ಡಾ. ರಾಜಕುಮಾರ್ ಅವರ ನವಕೋಟಿ ನಾರಾಯಣ ಸಿನಿಮಾದಲ್ಲಿ ನೋಡಿದವರು ಬಹಳ ಮಂದಿ ಇದ್ದಾರೆ.

ಒಂದು ದಿನ ನಾಯಕರ ಅಂಗಡಿಗೆ ಒಬ್ಬ ಬಡ ಬ್ರಾಹ್ಮಣ ಬಂದ. ವಯಸ್ಸಾದವನು, ಹರಕು ಬಟ್ಟೆ. ಮಗನ ಮುಂಜಿ ಮಾಡಬೇಕು, ಸಹಾಯ ಮಾಡಬೇಕು ಎಂದು ಕೇಳಿಕೊಂಡ. ನಾಯಕರು ಇಲ್ಲ ಎನ್ನಲಿಲ್ಲ, ಕೊಡಲೂ ಇಲ್ಲ. ನಾಳೆ ಬಾ ಅಂದರು. ಮರುದಿನ ಬಂದ. ಮತ್ತೆ ನಾಳೆ ಬಾ ಅಂದರು. ಹೀಗೆ ಆರು ತಿಂಗಳು ಅಲೆಸಿದರು ಎಂದು ಪ್ರತೀತಿ.

ನಾಯಕರ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸುವುದು ಕಷ್ಟವಲ್ಲ. ಇವತ್ತಿಗೂ ಎಲ್ಲರ ಮನಸ್ಸಿನಲ್ಲಿ ಬರುವುದು ಅದೇ. ಇವನು ಹೇಳುವುದು ನಿಜವೋ ಸುಳ್ಳೋ ಯಾರಿಗೆ ಗೊತ್ತು. ಮಗ ಇದ್ದಾನೋ ಇಲ್ಲವೋ. ಒಬ್ಬನಿಗೆ ಕೊಟ್ಟರೆ ನಾಳೆ ಹತ್ತು ಜನ ಬರುತ್ತಾರೆ. ಕೊಟ್ಟ ಹಣ ಏನು ಮಾಡುತ್ತಾನೋ. ಈ ಪ್ರಶ್ನೆಗಳು ತಪ್ಪಲ್ಲ. ವ್ಯಾಪಾರಸ್ಥರು ಕೇಳಲೇಬೇಕಾದ ಪ್ರಶ್ನೆಗಳು. ಆದರೆ ನಾಯಕರು ಒಂದು ದಿನವಾದರೂ ಅವನ ಮನೆ ಎಲ್ಲಿ, ಮಗ ಎಲ್ಲಿ ಅಂತ ವಿಚಾರಿಸಲಿಲ್ಲ. ವಿಚಾರಿಸಿ ಇಲ್ಲ ಅಂದಿದ್ದರೆ ಮುದುಕ ಬೇರೆ ಬಾಗಿಲು ನೋಡಿಕೊಳ್ಳುತ್ತಿದ್ದ. ಕೊಡದೇ ಇದ್ದದ್ದಕ್ಕಿಂತ ಆಸೆ ತೋರಿಸಿ ಅಲೆಸಿದ್ದೇ ದೊಡ್ಡ ತಪ್ಪು ಎಂದು ಕಥೆ ಬಲ್ಲವರು ಹೇಳುತ್ತಾರೆ.

ಕೊನೆಗೆ ಪೀಡೆ ಕಳೆದರೆ ಸಾಕೆಂದು ನಾಯಕರು ಸವಕಲು ನಾಣ್ಯಗಳ ರಾಶಿಯನ್ನು ಮುಂದೆ ಸುರಿದು, ಅದರಲ್ಲಿ ಒಂದನ್ನು ಆರಿಸಿಕೊಂಡು ಹೋಗು, ಮತ್ತೆ ಈ ಕಡೆ ಬರಬೇಡ ಎಂದರು. ಎಲ್ಲೂ ಚಲಾವಣೆಯಾಗದ ಕಾಸುಗಳು. ಮುದುಕ ಅದನ್ನು ಮುಟ್ಟದೆ ಹೊರಟುಹೋದ.

ಮೂಗುತಿಯ ದಾನ

ಹೊರಟವನು ನೇರವಾಗಿ ನಾಯಕರ ಮನೆಗೆ ಹೋದ. ಸರಸ್ವತೀಬಾಯಿಯ ಮುಂದೆ ತನ್ನ ಕಷ್ಟ ಹೇಳಿಕೊಂಡ. ಆ ತಾಯಿಗೆ ಕರುಳು ಚುರುಕ್ ಎಂದಿತು. ಆದರೆ ಮನೆಯಲ್ಲಿ ಇದ್ದ ಒಂದು ಕಾಳೂ ಗಂಡನ ಲೆಕ್ಕಕ್ಕೆ ಸೇರಿದ್ದು. ಅವರ ಅಪ್ಪಣೆ ಇಲ್ಲದೆ ಕೊಡುವ ಹಾಗಿಲ್ಲ. ಅದನ್ನೇ ಹೇಳಿದರು. ಆಗ ಮುದುಕ, ತವರಿನವರು ಕೊಟ್ಟದ್ದು ಏನಾದರೂ ಇದ್ದರೆ ಅದು ನಿಮ್ಮದೇ ಅಲ್ಲವೇ ತಾಯಿ ಎಂದು ನೆನಪಿಸಿದ. ಸರಸ್ವತೀಬಾಯಿಗೆ ತವರಿನಿಂದ ಬಂದ ಮೂಗುತಿ ಇತ್ತು. ಅದನ್ನು ಬಿಚ್ಚಿ ಕೃಷ್ಣಾರ್ಪಣ ಎಂದು ಕೊಟ್ಟುಬಿಟ್ಟರು.

ಇಲ್ಲಿ ಗಮನಿಸಬೇಕಾದದ್ದು ಇದೆ. ಆಕೆ ಗಂಡನ ಪೆಟ್ಟಿಗೆಯಿಂದ ತೆಗೆದು ಧರ್ಮ ಮಾಡಲಿಲ್ಲ. ತನ್ನದನ್ನು ಕೊಟ್ಟರು. ಕೊಟ್ಟ ಮೇಲೆ ಅದರಿಂದ ಹೀಗೆ ಮಾಡು, ಹಾಗೆ ಮಾಡು ಎಂದು ಷರತ್ತು ಹಾಕಲಿಲ್ಲ. ಗಂಡನಿಗೆ ಗೊತ್ತಾದರೆ ತನ್ನ ಗತಿ ಏನು ಎಂದು ಗೊತ್ತಿದ್ದೂ ಕೊಟ್ಟರು.

ಮುದುಕ ಮೂಗುತಿ ಹಿಡಿದು ಹೋದದ್ದು ಮತ್ತೆಲ್ಲಿಗೂ ಅಲ್ಲ, ನಾಯಕರ ಅಂಗಡಿಗೇ. ಇದನ್ನಿಟ್ಟುಕೊಂಡು ಹಣ ಕೊಡಿ ಎಂದ. ನಾಯಕರು ಒಂದೇ ನೋಟಕ್ಕೆ ಅದು ತಮ್ಮ ಹೆಂಡತಿಯದೆಂದು ಗುರುತಿಸಿದರು. ಆರು ತಿಂಗಳು ದಿನವೂ ಎದುರಿಗೆ ನಿಂತ ಮನುಷ್ಯ ಯಾರೆಂದು ಗುರುತಿಸಲಾಗದ ಕಣ್ಣಿಗೆ ಒಂದು ಹರಳಿನ ಮೂಗುತಿ ಕ್ಷಣದಲ್ಲಿ ಗುರುತು ಸಿಕ್ಕಿತು. ನಾಳೆ ಬಾ ಎಂದು ಅವನನ್ನು ಕಳಿಸಿ, ಮೂಗುತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದರು.

ಮೂಗುತಿ ಎಲ್ಲಿ ಎಂದು ಕೇಳಿದರು. ಸರಸ್ವತೀಬಾಯಿ ಹೆದರಿ, ಒಳಗಿದೆ, ತರುತ್ತೇನೆ ಎಂದು ದೇವರ ಮನೆಗೆ ಹೋದರು. ತಪ್ಪಿಸಿಕೊಳ್ಳುವ ದಾರಿ ಕಾಣದೆ ಬಟ್ಟಲಲ್ಲಿ ವಿಷ ಕಲಸಿ ಕುಡಿಯಬೇಕೆಂದು ತುಟಿಗೆ ಎತ್ತಿದರು. ಆಗ ಬಟ್ಟಲಿನಲ್ಲಿ ಠಣ್ ಎಂದು ಸದ್ದಾಯಿತು. ನೋಡಿದರೆ ಅದೇ ಮೂಗುತಿ. ತಂದು ಗಂಡನ ಕೈಗಿಟ್ಟರು. ನಾಯಕರು ಅಂಗಡಿಗೆ ಓಡಿದರು. ಹಾಕಿದ ಬೀಗ ಹಾಕಿದಂತೆಯೇ ಇತ್ತು. ಒಳಗೆ ಮೂಗುತಿ ಇರಲಿಲ್ಲ. ಮುದುಕನನ್ನು ಊರೆಲ್ಲಾ ಹುಡುಕಿಸಿದರು, ಎಲ್ಲೂ ಸಿಗಲಿಲ್ಲ. ವಾಪಸು ಬಂದು ಕೇಳಿದಾಗ ಹೆಂಡತಿ ನಡೆದದ್ದನ್ನೆಲ್ಲಾ ಬಿಚ್ಚಿ ಹೇಳಿದರು.

ಆರು ತಿಂಗಳು ಅಂಗಡಿ ಬಾಗಿಲಲ್ಲಿ ಬೇಡಿ ನಿಂತವನು ಸಾಕ್ಷಾತ್ ಪಾಂಡುರಂಗ ವಿಠಲನೇ ಎಂದು ನಾಯಕರಿಗೆ ತಿಳಿಯಿತು. ಅದಕ್ಕಿಂತ ಹೆಚ್ಚಾಗಿ, ತಮ್ಮ ಜಿಪುಣತನದಿಂದ ಮನೆಯಾಕೆ ವಿಷದ ಬಟ್ಟಲು ಎತ್ತುವ ಹಾಗಾಯಿತಲ್ಲ ಎಂಬುದು ಅವರನ್ನು ಸುಟ್ಟಿತು.

ಎಲ್ಲವನ್ನೂ ಬಿಟ್ಟದ್ದು

ನಾಯಕರು ತುಳಸೀದಳದ ಮೇಲೆ ನೀರು ಬಿಟ್ಟು ತಮ್ಮ ಸರ್ವಸ್ವವನ್ನೂ ಕೃಷ್ಣಾರ್ಪಣ ಮಾಡಿದರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಉಟ್ಟ ಬಟ್ಟೆಯಲ್ಲಿ ಹೊರಟರು. ದಾರಿಯಲ್ಲಿ ಕಾಡು. ಸರಸ್ವತೀಬಾಯಿ ಅಂಜಿಕೆಯಿಂದ ಹೆಜ್ಜೆ ಹಾಕುತ್ತಿದ್ದರು. ಏನೂ ಇಲ್ಲದವರಿಗೆ ಏನು ಭಯ ಎಂದು ಗಂಡ ವಿಚಾರಿಸಿದಾಗ ಮಕ್ಕಳಿಗೆ ಬೇಕಾದೀತೆಂದು ಒಂದು ಚಿನ್ನದ ಡಬ್ಬಿಯನ್ನು ಸೆರಗಿನಲ್ಲಿ ಇಟ್ಟುಕೊಂಡದ್ದು ಗೊತ್ತಾಯಿತು. ಅದನ್ನು ಎಸೆದ ಮೇಲೆ ಭಯ ಹೋಯಿತು. ಮೂಗುತಿ ಕೊಟ್ಟ ಅದೇ ಕೈ ಡಬ್ಬಿಯನ್ನು ಬಚ್ಚಿಟ್ಟದ್ದೂ ನಿಜ. ಮಕ್ಕಳ ತಾಯಿಗೆ ಅದು ಸಹಜ. ಎಲ್ಲರಿಗೂ ಎಲ್ಲವನ್ನೂ ಬಿಡಲು ಆಗುವುದಿಲ್ಲ ಎಂಬುದನ್ನು ಈ ಕಥೆ ಮುಚ್ಚಿಡುವುದಿಲ್ಲ.

ವಿಜಯನಗರಕ್ಕೆ ಬಂದು ಶ್ರೀ ವ್ಯಾಸರಾಜರ ಪಾದಕ್ಕೆ ಬಿದ್ದರು. ವ್ಯಾಸರಾಜರು ಮಹಾ ಪಂಡಿತರು, ರಾಜಗುರುಗಳು. ಹಂಪಿಯ ಚಕ್ರತೀರ್ಥದ ಬಳಿ ಯಂತ್ರೋದ್ಧಾರಕ ಆಂಜನೇಯನನ್ನು ಸ್ಥಾಪಿಸಿದವರು ಅವರೇ. ನಾಡಿನ ಉದ್ದಗಲಕ್ಕೆ ಒಟ್ಟು 732 ಹನುಮನ ಮೂರ್ತಿಗಳನ್ನು ಪ್ರತಿಷ್ಠಾಪಿಸಿದರೆಂದು ಪ್ರತೀತಿ. ಅವರು ನಾಯಕರಿಗೆ ದಾಸದೀಕ್ಷೆ ಕೊಟ್ಟು ಪುರಂದರ ವಿಠಲ ಎಂಬ ಅಂಕಿತವನ್ನು ಅನುಗ್ರಹಿಸಿದರು. ಇದು 1525ರಲ್ಲಿ ಎಂದು ಹೇಳುತ್ತಾರೆ. ಅಂದಿನಿಂದ ಶ್ರೀನಿವಾಸ ನಾಯಕರು ಪುರಂದರದಾಸರಾದರು.

ಮಧುಕರ ವೃತ್ತಿ

ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಹೆಗಲಿಗೆ ಜೋಳಿಗೆ. ಬೆಳಗಾದರೆ ದಾಸರು ಮಕ್ಕಳೊಂದಿಗೆ ಹಾಡುತ್ತಾ ಬೀದಿಗೆ ಹೊರಡುತ್ತಿದ್ದರು. ಇದಕ್ಕೆ ಮಧುಕರ ವೃತ್ತಿ ಎಂದು ಹೆಸರು. ಮಧುಕರ ಅಂದರೆ ಜೇನುನೊಣ. ಅದು ಹೂವಿಗೆ ನೋವಾಗದಂತೆ ಒಂದೊಂದರಿಂದ ಒಂದೊಂದು ತೊಟ್ಟು ತೆಗೆದುಕೊಳ್ಳುತ್ತದೆ. ದಾಸರೂ ಹಾಗೆಯೇ ಮನೆಗೊಂದು ಹಿಡಿ ಮಾತ್ರ ಪಡೆಯಬೇಕು. ಅಂದಿನದು ಅಂದಿಗೆ. ನಾಳೆಗೆ ಕೂಡಿಡುವ ಹಾಗಿಲ್ಲ. ಮಿಕ್ಕದ್ದು ಬಂದವರ ಪಾಲು.

ಒಂಬತ್ತು ಕೋಟಿ ಕೂಡಿಟ್ಟವರಿಗೆ ನಾಳೆಗೊಂದು ಹಿಡಿ ಅಕ್ಕಿ ಇಡಬಾರದೆಂಬ ನಿಯಮ. ಇನ್ನೊಬ್ಬನಿಗೆ ಆರು ತಿಂಗಳು ನಾಳೆ ಬಾ ಅಂದವರು ಈಗ ದಿನವೂ ಬೇರೆಯವರ ಹೊಸ್ತಿಲ ಮುಂದೆ. ಎಲ್ಲ ಬಾಗಿಲೂ ತೆರೆದಿರಲಾರವು. ಮುಂದೆ ಹೋಗಪ್ಪ ಎಂಬ ಮಾತು ದಾಸರ ಕಿವಿಗೂ ಬಿದ್ದಿರಲೇಬೇಕು. ಕೊಡುವವರ ಮನಸ್ಸು ಹೇಗಿರುತ್ತದೆ, ಕೊಡದವರ ಮನಸ್ಸು ಹೇಗಿರುತ್ತದೆ ಎಂದು ಅವರಿಗೆ ಎರಡೂ ಕಡೆಯಿಂದ ಗೊತ್ತಿತ್ತು. ಹರಿದಾಸರಲ್ಲಿ ಈ ಅನುಭವ ಇಷ್ಟು ಗಟ್ಟಿಯಾಗಿ ಇನ್ನೊಬ್ಬರಿಗೆ ಆದದ್ದು ಅಪರೂಪ.

ದಾಸರ ವೈರಾಗ್ಯ ನಿಜವೋ ತೋರಿಕೆಯೋ ಎಂದು ರಾಜರಿಗೆ ಅನುಮಾನ ಬಂತಂತೆ. ವ್ಯಾಸರಾಜರ ಮಾತಿನಂತೆ ಭಿಕ್ಷೆಯ ಅಕ್ಕಿಯಲ್ಲಿ ರತ್ನಗಳನ್ನು ಬೆರೆಸಿ ಹಾಕಿಸಿದರು. ದಾಸರು ಜೋಳಿಗೆ ತಂದು ಹೆಂಡತಿಗೆ ಕೊಟ್ಟರು. ಆಮೇಲೆ ರಾಜರು ಗುಡಿಸಲಿಗೆ ಬಂದು ನೋಡಿದರೆ ಸರಸ್ವತೀಬಾಯಿ ಅಕ್ಕಿ ಆರಿಸಿ, ರತ್ನಗಳನ್ನು ಕಲ್ಲೆಂದು ಹೊರಗೆ ಎಸೆದಿದ್ದರು. ಡಬ್ಬಿ ಬಚ್ಚಿಟ್ಟ ಕೈಯೇ ಈಗ ರತ್ನವನ್ನು ತಿಪ್ಪೆಗೆ ಹಾಕಿತ್ತು.

ದಾಸರು ಹೇಳಿದ್ದು

ದಾಸರು 4,75,000 ಪದಗಳನ್ನು ರಚಿಸಿದರೆಂದು ನಂಬಿಕೆ. ಈಗ ಸಿಗುವುದು ಅದರಲ್ಲಿ ಬಹಳ ಕಡಿಮೆ ಪಾಲು. ಸಂಗೀತ ಕಲಿಯುವ ಮಕ್ಕಳು ಇವತ್ತಿಗೂ ಮೊದಲು ಅಭ್ಯಾಸ ಮಾಡುವ ಮಾಯಾಮಾಳವಗೌಳ ರಾಗದ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳು, ಪಿಳ್ಳಾರಿ ಗೀತೆಗಳು ದಾಸರು ಹಾಕಿಕೊಟ್ಟವು. ಅದಕ್ಕೇ ಸಂಗೀತ ಪಿತಾಮಹ ಎಂಬ ಬಿರುದು. ಶಾಸ್ತ್ರವನ್ನು ಆಡುಮಾತಿನ ಕನ್ನಡದಲ್ಲಿ, ಅಡಿಗೆ ಮನೆಯ, ಸಂತೆಯ, ಹೊಲದ ಮಾತುಗಳಲ್ಲಿ ಹೇಳಿದರು. ಮೇಲು ಕೀಳು ಹುಟ್ಟಿನಿಂದಲ್ಲ, ನಡತೆಯಿಂದ ಎಂದು ಹಾಡಿದರು.

ಕೊಡುವ, ಬೇಡುವ ವಿಷಯದಲ್ಲಿ ಅವರ ಪದಗಳು ಎರಡು ರೀತಿ ಇವೆ. ರಾಗಿಯ ಭಿಕ್ಷೆ ಕೇಳುವ ಒಂದು ಪದ ಇದೆ. ಕೇಳುವುದು ರಾಗಿ. ಆದರೆ ಆ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ, ಗೃಹಸ್ಥರು ಯೋಗ್ಯರಾಗಿರಲಿ, ಹಸಿದವರಿಗೆ ಅನ್ನ ಹಾಕುವವರಾಗಲಿ ಎಂದು ಹಾರೈಸುತ್ತಾರೆ. ಬೇಡುವವನೇ ಕೊಡುವವನಿಗೆ ಬುದ್ಧಿ ಹೇಳಿ ಹರಸುವ ಪದ ಅದು.

ಇನ್ನೊಂದು ಕಡೆ, ಹೊಟ್ಟೆಪಾಡಿಗಾಗಿ ವೇಷ ಹಾಕಿ ವೈರಾಗ್ಯದ ನಟನೆ ಮಾಡುವವರನ್ನು ದಾಸರು ಸ್ವಲ್ಪವೂ ಬಿಟ್ಟಿಲ್ಲ. ತಾವೇ ಭಿಕ್ಷೆ ಎತ್ತುತ್ತಿದ್ದವರು ಕಪಟ ಭಿಕ್ಷುಗಳನ್ನು ಕಂಡು ನಕ್ಕರು. ಅಂದರೆ ಕೇಳಿದವರಿಗೆಲ್ಲಾ ಕಣ್ಣು ಮುಚ್ಚಿ ಕೊಡಿ ಎಂದು ದಾಸರು ಹೇಳಲಿಲ್ಲ. ಮೋಸಗಾರರು ಇದ್ದಾರೆ ಎಂದು ಕೈ ಮುಚ್ಚಿಕೊಳ್ಳಿ ಎಂದೂ ಹೇಳಲಿಲ್ಲ. ನಾಯಕರಾಗಿದ್ದಾಗ ಅವರು ಎಲ್ಲರನ್ನೂ ಮೋಸಗಾರರೆಂದೇ ಎಣಿಸಿ ಒಬ್ಬ ನಿಜವಾದವನನ್ನು ಕಳೆದುಕೊಂಡರು. ಆ ಒಂದು ನಷ್ಟದ ಮುಂದೆ ನೂರು ಜನರಿಗೆ ಕೊಟ್ಟು ಮೋಸ ಹೋದದ್ದು ದೊಡ್ಡದಲ್ಲ ಎಂಬುದು ಅವರ ಮುಂದಿನ ಬಾಳಿನ ಲೆಕ್ಕ.

ಕೊನೆಯ ದಿನಗಳು

ಗುರುಗಳಾದ ವ್ಯಾಸರಾಜರು 1539ರಲ್ಲಿ ವೃಂದಾವನಸ್ಥರಾದರು. ದಾಸರು ಹಂಪಿಯಲ್ಲೇ ಬಹುಕಾಲ ಇದ್ದು, 1564ರಲ್ಲಿ ಪುಷ್ಯ ಬಹುಳ ಅಮಾವಾಸ್ಯೆಯಂದು ಹರಿಪಾದ ಸೇರಿದರೆಂದು ಹೇಳುತ್ತಾರೆ. ಅದಾದ ಸ್ವಲ್ಪ ಕಾಲದಲ್ಲೇ, 1565ರಲ್ಲಿ, ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರ ಸೋತಿತು. ರಾಜಧಾನಿ ಹಾಳಾಯಿತು. ಮುತ್ತು ರತ್ನ ಅಳೆದು ಮಾರಿದ ಬೀದಿಗಳು ಬರಿದಾದವು. ಜನ ದಿಕ್ಕಾಪಾಲಾಗಿ ಹೋದರು. ಊರಿನ ಸಿರಿವಂತರ ಹೆಸರುಗಳು ಈಗ ಯಾರಿಗೂ ಗೊತ್ತಿಲ್ಲ. ಅದೇ ಬೀದಿಯಲ್ಲಿ ಹಿಡಿ ಅಕ್ಕಿಗೆ ಹಾಡಿದ ಪದಗಳು ಮಾತ್ರ ಉಳಿದವು. ನಂತರ ಬಂದ ವಿಜಯದಾಸರು ಮೊದಲಾದ ದಾಸವರೇಣ್ಯರು ಪುರಂದರದಾಸರನ್ನೇ ಗುರುವೆಂದು ನೆನೆದರು. 1964ರಲ್ಲಿ ಭಾರತ ಸರ್ಕಾರ ದಾಸರ ನೆನಪಿಗೆ ಅಂಚೆ ಚೀಟಿ ಹೊರತಂದಿತು.

ನೋಡತಕ್ಕ ಸ್ಥಳಗಳು

ಪುರಂದರ ಮಂಟಪ: ಹಂಪಿಯಲ್ಲಿ ವಿಜಯವಿಠಲ ದೇವಸ್ಥಾನದ ಹತ್ತಿರ ನದಿ ದಡದಲ್ಲಿದೆ. ಪುಷ್ಯ ಬಹುಳ ಅಮಾವಾಸ್ಯೆಯಂದು ಇಲ್ಲಿ ಆರಾಧನೆ ನಡೆಯುತ್ತದೆ. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಂಟಪ ಮುಳುಗುತ್ತದೆ. ಆಗ ಹತ್ತಿರ ಹೋಗಬಾರದು.

ಯಂತ್ರೋದ್ಧಾರಕ ಆಂಜನೇಯ: ಹಂಪಿಯ ಚಕ್ರತೀರ್ಥದ ಬಳಿ.

ನವವೃಂದಾವನ: ಆನೆಗೊಂದಿಯ ಸಮೀಪ ನದಿ ನಡುವಿನ ನಡುಗಡ್ಡೆ. ಶ್ರೀ ವ್ಯಾಸರಾಜರ ವೃಂದಾವನ ಇಲ್ಲಿದೆ. ದೋಣಿಯಲ್ಲಿ ಹೋಗಬೇಕು. ನದಿ ತುಂಬಿದಾಗ ಹೋಗಲಾಗದು.

ಯಾತ್ರಾರ್ಥಿಗಳ ಗಮನಕ್ಕೆ

ಯಾವ ಕ್ಷೇತ್ರಕ್ಕೆ ಹೋದರೂ ಹಾದಿಯ ಬದಿಯಲ್ಲಿ ಕೈ ಚಾಚುವವರು ಇರುತ್ತಾರೆ. ಮನೆ ಇಲ್ಲದವರು, ಮಕ್ಕಳು ಕೈಬಿಟ್ಟ ವೃದ್ಧರು, ಕಾಯಿಲೆಯವರು ಇದ್ದಾರೆ. ದುಡಿಯಬಲ್ಲವರೂ ಇರಬಹುದು. ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಆಸ್ತಿ ತೆರಿಗೆಯ ಜೊತೆ ಶೇಕಡಾ 3ರಷ್ಟು ಭಿಕ್ಷುಕರ ಕರ ವಸೂಲು ಮಾಡಿ ಅದರಿಂದ ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸುತ್ತಾರೆ. ಹಾಗಾಗಿ ಮನೆ ಕಂದಾಯ ಕಟ್ಟುವವರೆಲ್ಲಾ ಗೊತ್ತಿಲ್ಲದೆಯೇ ಒಂದಿಷ್ಟು ಕೊಟ್ಟೇ ಇರುತ್ತಾರೆ. ಆದರೆ ಎದುರಿಗೆ ಕೂತವನ ಈ ಹೊತ್ತಿನ ಹಸಿವು ಅದರಿಂದ ತೀರುವುದಿಲ್ಲ.

ಕೊಡುವುದು ಬಿಡುವುದು ಅವರವರ ಮನಸ್ಸಿಗೆ, ಶಕ್ತಿಗೆ ಬಿಟ್ಟದ್ದು. ದಾಸರ ಚರಿತ್ರೆಯಿಂದ ತಿಳಿಯುವುದು ಇಷ್ಟು:

1. ಕೊಡುವುದಾದರೆ ಕೈಗೆ ಕೊಡಿ, ಎಸೆಯಬೇಡಿ. ಹರಿದ ನೋಟು, ಹಳಸಿದ ಪ್ರಸಾದ ದಾನವಲ್ಲ. ನಾಯಕರ ಸವಕಲು ಕಾಸಿನ ಹಾಗಾಗುತ್ತದೆ.
2. ಕೊಡದಿದ್ದರೆ ಸಮಾಧಾನದಿಂದ ಇಲ್ಲ ಎನ್ನಿ. ಇಳಿಯುವಾಗ ಕೊಡುತ್ತೇನೆ ಎಂದು ಹೇಳಿ ಬೇರೆ ದಾರಿ ಹಿಡಿಯಬೇಡಿ. ಅವರು ಕಾದು ಕೂತಿರುತ್ತಾರೆ.
3. ಹಣ ಕೊಡಲು ಅನುಮಾನವಾದರೆ ಊಟ, ಹಣ್ಣು, ಕುಡಿಯುವ ನೀರು, ಹೊದಿಕೆ ಕೊಡಬಹುದು.
4. ಚಿಕ್ಕ ಮಕ್ಕಳು ಬೇಡುತ್ತಿದ್ದರೆ ಹಣ ಕೊಡದೆ ತಿನ್ನಲು ಕೊಟ್ಟು, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ದಿಕ್ಕಿಲ್ಲದ ವೃದ್ಧರಿಗಾಗಿ 14567 ಇದೆ.
5. ಮಕ್ಕಳನ್ನು ಕರೆತಂದವರು ಅವರ ಕೈಯಿಂದಲೇ ಕೊಡಿಸಿ. ಸರಸ್ವತೀಬಾಯಿಯವರ ಕಥೆ ಹೇಳಿ.

ವಿಠಲ ಬಂದದ್ದು ಹರಕು ಬಟ್ಟೆಯಲ್ಲಿ. ಇನ್ನು ಯಾವ ರೂಪದಲ್ಲಿ ಬರುತ್ತಾನೋ ಬಲ್ಲವರಿಲ್ಲ.

|| ಶ್ರೀ ಕೃಷ್ಣಾರ್ಪಣಮಸ್ತು ||